ಕಾಳಿಂಗದ ಪುಟ

12 ಜುಲೈ 2025, ಶನಿವಾರ
ಶಿವಮೊಗ್ಗ

ಪುನರ್ವಸು ಮಳೆ ಬಿಡ್ತಾನೇ ಇಲ್ಲ. ಸಂಜೆ ಪಕ್ಕದ ಮನೆ ಅಕ್ಕ ಮಗನನ್ನ ಕರ್ಕೊಂಡು, ಮೂರು ಪುಸ್ತಕ ಹಿಡ್ಕೊಂಡು ಬಂದ್ರು. “ಎಂತ ಮಾಡೋದು ಮಾರಾಯ್ರೇ, ಒಂದನ್ನೂ ಎರಡು ದಿನ ಮುಟ್ಟಲ್ಲ. ಓದೋ ಆಸೆನೇ ಇಲ್ಲ ಇವನಿಗೆ.” ಹುಡುಗ ತಲೆ ತಗ್ಗಿಸಿದ. ಎಂಟು ವರ್ಷದ ಮಗುವಿನ ಎದುರು ಆಡೋ ಮಾತಲ್ಲ ಅದು.

ಪುಸ್ತಕ ಬಿಡಿಸಿ ನೋಡಿದೆ. ಚಟುವಟಿಕೆ ಪುಸ್ತಕಕ್ಕೆ ಮಿರಮಿರ ಮಿಂಚೋ ಹಾಳೆ. ಪೆನ್ಸಿಲ್ ಜಾರುತ್ತೆ, ಸ್ಕೆಚ್ ಪೆನ್ ಬಣ್ಣ ಒಣಗೋ ಮೊದಲೇ ಕೈಗೆ ಮೆತ್ತುತ್ತೆ. ಕತ್ತರಿಸೋ ಮುಖವಾಡದ ಬೆನ್ನಿಗೇ ಪದಬಂಧ! ಒಂದನ್ನ ಕತ್ತರಿಸಿದ್ರೆ ಇನ್ನೊಂದು ಹೋಯ್ತು. ಕತ್ತರಿಸೋ ಹಾಳೆಯ ಹಿಂಬದಿ ಖಾಲಿ ಇರ್ಬೇಕು. ಅಂಟು ಹಾಕಿದ ಬೈಂಡಿಂಗ್ ಒತ್ತಿ ಹಿಡಿಯದೆ ನಿಲ್ಲಲ್ಲ, ಬಲವಾಗಿ ಒತ್ತಿದ್ರೆ ಹಾಳೆ ಕಿತ್ತು ಬರುತ್ತೆ. ನಡುವೆ ಪಿನ್ ಹೊಡೆದದ್ದು ನಮ್ಮ ಮಳೆಗೆ ತುಕ್ಕು ಹಿಡಿದ್ರೂ ಅದೇ ವಾಸಿ, ಚಪ್ಪಟೆಯಾಗಿ ಮಲಗುತ್ತೆ.

ಎರಡನೇದು ಪ್ರಯೋಗಗಳದ್ದು. ಹುಳಿ ಯಾವುದು, ಕ್ಷಾರ ಯಾವುದು ಅಂತ ನೋಡೋಕೆ ನೇರಳೆ ಎಲೆಕೋಸು ಬೇಕಂತೆ. ಹಿತ್ತಲಲ್ಲಿ ಕೆಂಪು ದಾಸವಾಳ ಇದೆಯಲ್ಲ! ನಾಲ್ಕು ಹೂವಿನ ಎಸಳನ್ನ ಅರ್ಧ ಲೋಟ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದ್ರೆ ಸಾಕು. ನಿಂಬೆರಸ ಬಿದ್ರೆ ಕಡುಗುಲಾಬಿ, ಅಡುಗೆ ಸೋಡಾ ಕರಗಿಸಿದ ನೀರು ಬಿದ್ರೆ ಹಸಿರು. ನೀರು ಜಾಸ್ತಿಯಾದ್ರೆ ಬಣ್ಣ ತೆಳುವಾಗಿ ವ್ಯತ್ಯಾಸವೇ ತಿಳಿಯಲ್ಲ. ಮನೇಲಿ ಸಿಗದ ಸಾಮಾನು ಕೇಳೋ ಪುಸ್ತಕ ಕಪಾಟು ಸೇರುತ್ತೆ, ಅಷ್ಟೇ. ಬಣ್ಣ ಯಾಕೆ ಬದಲಾಯ್ತು ಅಂತ ಎರಡು ಸಾಲಾದ್ರೂ ಇರ್ಬೇಕಿತ್ತು. ಇರ್ಲಿಲ್ಲ.

ಮೂರನೇದು ಪ್ರಾಣಿಗಳ ಪುಸ್ತಕ. ನಮಗೆ ಚೆನ್ನಾಗಿ ಗೊತ್ತಿರೋದರ ಪುಟ ಮೊದಲು ತೆಗೀಬೇಕು. ಅಲ್ಲಿ ತಪ್ಪಿದ್ರೆ ಗೊತ್ತಿಲ್ಲದ ಪುಟಗಳನ್ನ ನಂಬೋದು ಹೇಗೆ? ಕಾಳಿಂಗ ಸರ್ಪಕ್ಕೆ ಹೆಸರಾದ ಆಗುಂಬೆ ಪಕ್ಕದಲ್ಲಿರೋರು ನಾವು, ಅದರ ಪುಟ ತೆಗೆದೆ. ಏಷ್ಯಾಕ್ಕೆಲ್ಲ ಒಂದೇ ಪ್ರಭೇದ ಅಂತಿದೆ. 2024ರಲ್ಲಿ ವಿಜ್ಞಾನಿಗಳು ಅದನ್ನ ನಾಲ್ಕು ಪ್ರಭೇದ ಮಾಡಿದ್ರು. ಪಶ್ಚಿಮ ಘಟ್ಟದ್ದರ ವೈಜ್ಞಾನಿಕ ಹೆಸರಲ್ಲಿ ಕನ್ನಡದ ಪದವೇ ಇದೆ, ಓಫಿಯೋಫೇಗಸ್ ಕಾಳಿಂಗ. ಅಚ್ಚಾದ ವರ್ಷ ನೋಡಿದೆ: ಈ ವರ್ಷದ್ದೇ, ಆದ್ರೆ ‘ಮರುಮುದ್ರಣ’. ಅಂದ್ರೆ ಹಳೇದನ್ನೇ ಮತ್ತೆ ಅಚ್ಚು ಹಾಕಿದ್ದು. ತಿದ್ದಿದ್ದು ಬೇಕಾದ್ರೆ ‘ಪರಿಷ್ಕೃತ’ ಅಂತಿದೆಯಾ ನೋಡ್ಬೇಕು.

ಅಷ್ಟರಲ್ಲಿ ಹುಡುಗ ಹತ್ತಿರ ಬಂದು ಪುಟದ ಮೇಲೆ ಬೆರಳಿಟ್ಟ. “ಎಲೆ ಗುಡ್ಡೆ ಮಾಡಿ ಮೊಟ್ಟೆ ಇಡುತ್ತೆ ಅಂತಿದೆ. ಕೈಯೇ ಇಲ್ವಲ್ಲ, ಹೆಂಗೆ ಗುಡ್ಡೆ ಮಾಡುತ್ತೆ?”

ಮೈಯ ಸುರುಳಿಯಲ್ಲೇ ಎಲೆ ಎಳೆದು ತರುತ್ತೆ ಅಂದೆ. ನೆಲದ ಮೇಲೆ ಕೈ ಆಡಿಸಿ ಎಳೆದು ನೋಡಿದ. ಅಕ್ಕನೂ ಸುಮ್ಮನೆ ನೋಡ್ತಾ ಕೂತ್ರು. ಅದನ್ನ ಒಂದೊಂದೇ ಚಿತ್ರದಲ್ಲಿ ತೋರಿಸೋ ಪುಸ್ತಕ ಇವನಿಗೆ ಸಿಕ್ಕಿದ್ರೆ...