ಪಕ್ಕದ ಮನೆಯ ಫೆರೆಟ್‌ಗಳು ಮತ್ತು ಕ್ಯಾನ್ಸರ್ ಅಂಟುತ್ತದೆಯೇ ಎಂಬ ಗುಮಾನಿ

ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನಾಯಿ, ಬೆಕ್ಕಿನ ಜೊತೆಗೆ ಫೆರೆಟ್ ಸಾಕುವವರೂ ಇದ್ದಾರೆ. ಊರಲ್ಲಿ ಫೋಟೋ ತೋರಿಸಿದರೆ ಎಲ್ಲರೂ ಮುಂಗುಸಿ ಅಂತಾರೆ. ಅಲ್ಲ. ನಮ್ಮ ತುಂಗಭದ್ರೆಯ ನೀರುನಾಯಿ ಇದರ ದಾಯಾದಿ. ಮೊಳದುದ್ದದ ಮೈ, ಗಿಡ್ಡ ಕಾಲು, ಮೂಗಿಗೆ ಬಡಿಯುವ ವಾಸನೆ. ಖುಷಿಯಾದರೆ ಬೆನ್ನು ಬಾಗಿಸಿ ಅಡ್ಡಡ್ಡ ಕುಪ್ಪಳಿಸುತ್ತಾ ‘ಡೂಕ್ ಡೂಕ್’ ಅನ್ನುತ್ತದೆ. ಕಾಲುಚೀಲ ಕದ್ದು ಸೋಫಾ ಕೆಳಗೆ ಬಚ್ಚಿಡುತ್ತದೆ.

ನಮ್ಮ ಪಕ್ಕದ ಮನೆಯಾಕೆ ಎರಡು ಸಾಕಿದ್ದರು. ಒಂದಕ್ಕೆ ಲಿಂಫೋಮಾ ಬಂತು, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್. ಅದು ಸತ್ತು ವರ್ಷ ತುಂಬುವ ಮೊದಲೇ ಇನ್ನೊಂದಕ್ಕೂ ಅದೇ. ಸುದ್ದಿ ಕೇಳಿ ಅಮ್ಮ ಫೋನಿನಲ್ಲೇ ಗಾಬರಿಯಾದರು. “ಅಂಟುರೋಗ ಇರ್ಬೇಕು ಕಣೋ, ಮಕ್ಕಳನ್ನ ಅಲ್ಲಿಗೆ ಕಳಿಸ್ಬೇಡ.”

ಮಕ್ಕಳ ಬಗ್ಗೆ ಹೆದರಬೇಕಾಗಿಲ್ಲ. ನಿಜ ಹೇಳಬೇಕೆಂದರೆ ನಮ್ಮಿಂದ ಅದಕ್ಕೇ ಅಪಾಯ ಜಾಸ್ತಿ: ಮನುಷ್ಯರ ಫ್ಲೂ ಫೆರೆಟ್‌ಗೆ ಸಲೀಸಾಗಿ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಹಿಡಿದದ್ದೇ ಫೆರೆಟ್‌ಗಳ ಸಹಾಯದಿಂದ. ಆದರೆ ಫೆರೆಟ್‌ನಿಂದ ಫೆರೆಟ್‌ಗೆ ಕ್ಯಾನ್ಸರ್ ಹರಡಬಹುದಾ? ಅಮ್ಮನ ಗುಮಾನಿಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ.

ಒಟ್ಟಿಗೆ ಬೆಳೆದ ಫೆರೆಟ್‌ಗಳಿಗೆ ಒಂದರ ಹಿಂದೆ ಒಂದಕ್ಕೆ ಲಿಂಫೋಮಾ ಬರುವುದನ್ನು ಪಶುವೈದ್ಯರು ಹಿಂದೆಯೇ ಗಮನಿಸಿದ್ದರು. ನಮ್ಮಲ್ಲಿಂದ ಹತ್ತಿರವೇ ಇರುವ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಕಾಯಿಲೆ ಬಿದ್ದ ಫೆರೆಟ್‌ನಿಂದ ಆರೋಗ್ಯವಾಗಿದ್ದವಕ್ಕೆ ರೋಗ ದಾಟುತ್ತದೆಯೇ ಎಂದು ನೋಡಿದರು. ದಾಟಿತು. 1995ರಲ್ಲಿ ಅದನ್ನು ಪ್ರಕಟಿಸಿದರು. ಗುಮಾನಿ ಹೋದದ್ದು ರೆಟ್ರೊವೈರಸ್ ಮೇಲೆ, ಅಂದರೆ ಜೀವಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುವ ಬಗೆಯ ವೈರಸ್. ಅಷ್ಟಾದರೂ ಇದೇ ಆ ವೈರಸ್ ಅಂತ ಇವತ್ತಿಗೂ ಯಾರೂ ಬೊಟ್ಟು ಮಾಡಿ ತೋರಿಸಿಲ್ಲ.

ವೈರಸ್‌ನಿಂದ ಕ್ಯಾನ್ಸರ್ ಅಂದರೆ ಅತಿಶಯ ಅನ್ನಿಸಬಹುದು. ಊರಲ್ಲಿ ಕೋಳಿ ಫಾರಂ ಇಟ್ಟವರನ್ನು ಕೇಳಿ. ಮರಿ ಮೊಟ್ಟೆಯೊಡೆದು ಬಂದ ದಿನವೇ ಮ್ಯಾರೆಕ್ಸ್ ರೋಗಕ್ಕೆ ಲಸಿಕೆ ಚುಚ್ಚುತ್ತಾರಲ್ಲ, ಅದು ವೈರಸ್‌ನಿಂದ ಬರುವ ಕ್ಯಾನ್ಸರೇ. ಬೆಕ್ಕಿನ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ವೈರಸ್ 1964ರಲ್ಲಿ ಗ್ಲಾಸ್ಗೋದಲ್ಲಿ ಸಿಕ್ಕಿದ್ದೂ ಒಂದೇ ಮನೆಯ ಬೆಕ್ಕುಗಳು ಸಾಲಾಗಿ ಸತ್ತದ್ದರಿಂದ ಹುಟ್ಟಿದ ಅನುಮಾನದ ಬೆನ್ನು ಹತ್ತಿದಾಗ.

ಹಾಗಂತ ಎಲ್ಲದಕ್ಕೂ ವೈರಸ್ಸನ್ನೇ ದೂರಬೇಡಿ. ಪಕ್ಕದಾಕೆಯ ಎರಡೂ ಒಂದೇ ಬ್ರೀಡರ್ ಹತ್ತಿರ ಹುಟ್ಟಿದವು. ಒಂದೇ ರಕ್ತ, ಒಂದೇ ಊಟ, ಒಂದೇ ಪಂಜರ. ಫೆರೆಟ್‌ಗಳಿಗೆ ಸಾಮಾನ್ಯವಾಗಿ ಬರುವ ಅಡ್ರಿನಲ್ ಗಡ್ಡೆಯ, ಅಂದರೆ ಮೂತ್ರಪಿಂಡದ ಹತ್ತಿರದ ಪುಟ್ಟ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆಯ, ಕಥೆಯೇ ಬೇರೆ. ಅಮೆರಿಕದ ಅಂಗಡಿ ಫೆರೆಟ್‌ಗಳಿಗೆ ಎಳೆಯ ಮರಿಯಿರುವಾಗಲೇ ಸಂತಾನಹರಣ ಮಾಡಿಬಿಡುತ್ತಾರೆ. ಆಮೇಲೆ ಮೆದುಳಿನಿಂದ ಹೊರಡುವ ಹಾರ್ಮೋನಿಗೆ ವೃಷಣ, ಅಂಡಾಶಯಗಳ ತಡೆ ಇರುವುದಿಲ್ಲ. ಅದು ಹೋಗಿ ಅಡ್ರಿನಲ್ ಗ್ರಂಥಿಯನ್ನೇ ಕೆಣಕುತ್ತಿರುತ್ತದೆ. ವೈರಸ್ಸಿಗಿಂತ ನಮ್ಮ ಅವಸರದ್ದೇ ತಪ್ಪು ಅನ್ನಿಸುತ್ತದೆ ನನಗೆ.

ಇದಕ್ಕಿಂತ ಗೊಂದಲದ ಸಂಗತಿ ಇನ್ನೊಂದಿದೆ. ಫೆರೆಟ್‌ಗಳ ಒಂದು ಕೊರೊನಾವೈರಸ್ ಹೊಟ್ಟೆಯಲ್ಲಿ ಗಂಟು ಗಂಟು ಎಬ್ಬಿಸುತ್ತದೆ, ಹೆಚ್ಚಾಗಿ ಎಳೆಯವುಗಳಲ್ಲಿ. ಕೈಗೆ ಥೇಟ್ ಲಿಂಫೋಮಾದ ಗಡ್ಡೆಯೇ. ತೂಕ ಇಳಿಯುತ್ತದೆ, ಹಿಂಗಾಲು ಸೋಲುತ್ತದೆ. ಆದರೆ ಅದು ಕ್ಯಾನ್ಸರೇ ಅಲ್ಲ. ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ, ಫೆರೆಟ್‌ನ ಇನ್ನೊಂದು ದಾಯಾದಿಯಲ್ಲಿ ಮೊದಲು ಕಂಡ ಅಲ್ಯೂಷಿಯನ್ ರೋಗದ ವೈರಸ್ಸೂ ಹೀಗೇ ಮೈ ಸೊರಗಿಸಿ ದಾರಿ ತಪ್ಪಿಸುತ್ತದೆ. ಅದಕ್ಕೇ ಬರೀ ಮುಟ್ಟಿ ನೋಡಿ ಕ್ಯಾನ್ಸರ್ ಅಂದರೆ ಒಪ್ಪಿಕೊಳ್ಳಬಾರದು. ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಪಕ್ಕದಾಕೆ ಎರಡಕ್ಕೂ ಮಾಡಿಸಿದ್ದರು, ಹಾಗಾಗಿ ಲಿಂಫೋಮಾ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಈಗ ಇನ್ನೊಂದು ತರುವ ಯೋಚನೆಯಲ್ಲಿದ್ದಾರೆ. ಬೇರೆ ಬ್ರೀಡರ್ ಹುಡುಕಿ, ಮರಿಯ ತಂದೆತಾಯಿಗೆ ಏನೇನು ಕಾಯಿಲೆ ಬಂದಿತ್ತು ಅಂತ ವಿಚಾರಿಸುತ್ತಿದ್ದಾರೆ. ಹಳೆ ಹಾಸು, ತೂಗುಜೋಲಿ ಎಲ್ಲ ಎಸೆದರು. ಅಷ್ಟೆಲ್ಲ ಬೇಕಿರಲಿಲ್ಲ ಅಂದರಂತೆ ಡಾಕ್ಟರ್. ನಾನಾಗಿದ್ದರೂ ಎಸೆಯುತ್ತಿದ್ದೆ.