ಮಾರಿ ಜಾತ್ರೆಗೆ ಶಿವಮೊಗ್ಗಕ್ಕೆ ಹೋಗುವವರಿಗೆ: ರೂಮು, ಡಿಜೆ, ಫ್ಲೆಕ್ಸು ಮತ್ತು ಕಡುಬು

ಮೊದಲೇ ಹೇಳಿಬಿಡುತ್ತೇನೆ. ನನಗೆ ನೂಕುನುಗ್ಗಲು ಪರವಾಗಿಲ್ಲ, ಗದ್ದಲ ಮಾತ್ರ ಆಗಿಬರುವುದಿಲ್ಲ. ನನ್ನ ಹೆಂಡತಿಗೆ ಇದರ ತದ್ವಿರುದ್ಧ. ಹಾಗಾಗಿ ಇಲ್ಲಿ ಬೈಗುಳ ಜಾಸ್ತಿ ಕಂಡರೆ ಅರ್ಧ ತಪ್ಪು ನನ್ನ ಕಿವಿಯದ್ದು ಅಂದುಕೊಳ್ಳಿ.

ನಾವು ಹೋದದ್ದು 2024ರ ಮಾರ್ಚ್ ಎರಡನೇ ವಾರ, ಕೋಟೆ ಮಾರಿಕಾಂಬೆಯ ಜಾತ್ರೆಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಮಂಗಳವಾರ ಶುರುವಾಗಿ ಶನಿವಾರ ರಾತ್ರಿ ಮುಗಿಯುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆವು. ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಖಾಸಗಿ ಸ್ಲೀಪರ್ ಬಸ್ಸು. ಬೇರೆ ದಿನ ಏಳುನೂರು ಇರುವ ಟಿಕೆಟಿಗೆ ತಲೆಗೆ 1,400 ಕೊಟ್ಟಿದ್ದೆವು. ಎಸಿಯ ನೀರು ರಾತ್ರಿಯೆಲ್ಲ ನನ್ನ ಮೊಣಕಾಲಿನ ಮೇಲೆ ತೊಟ್ಟಿಕ್ಕಿತು. ಬೆಡ್‌ಶೀಟನ್ನು ಮಡಚಿ ಮಡಚಿ ಇಟ್ಟುಕೊಂಡೆ, ಅದೂ ನೆನೆಯಿತು. ಮುಕ್ಕಾಲು ನಾಲ್ಕಕ್ಕೆ ಹುಡುಗನೊಬ್ಬ ಪರದೆ ಎಳೆದು "ಶಿವಮೊಗ್ಗ, ಶಿವಮೊಗ್ಗ, ಬೇಗ ಇಳೀರಿ" ಅಂದ. ಇಳಿದು ನೋಡಿದರೆ ಬೈಪಾಸ್. ಒಂದು ಪೆಟ್ರೋಲ್ ಬಂಕು, ಎರಡು ನಾಯಿ, ನಾವಿಬ್ಬರು. ಜಾತ್ರೆಗೆ ರಸ್ತೆ ಬಂದ್ ಮಾಡಿದ್ದಾರಂತೆ, ಬಸ್ಸು ಊರೊಳಗೆ ಹೋಗುವುದಿಲ್ಲವಂತೆ. ಆ ಮಾತನ್ನು ಟಿಕೆಟ್ ಕೊಡುವಾಗಲೇ ಹೇಳಬಹುದಿತ್ತು, ಅಲ್ವಾ? ಆಟೋದವನು ಮುನ್ನೂರು ಕೇಳಿದ. ಚೌಕಾಸಿ ಮಾಡುವ ಹೊತ್ತೂ ಅದಲ್ಲ, ಜಾಗವೂ ಅದಲ್ಲ.

ನೀವು ರೈಲಿಗೇ ಬುಕ್ ಮಾಡಿ. ಜನಶತಾಬ್ದಿ ಸಿಗದಿದ್ದರೆ ಬೇರೆ ರೈಲು ನೋಡಿ, ಅದೂ ಇಲ್ಲದಿದ್ದರೆ ಸರ್ಕಾರಿ ಕೆಂಪು ಬಸ್ಸು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಗಿದೆ, ಆದರೆ ಜಾತ್ರೆಗೆ ವಿಮಾನದಲ್ಲಿ ಹೋಗುವವರು ಈ ಬರಹ ಓದಬೇಕಾಗಿಲ್ಲ.

ರೂಮಿನದ್ದು ಇನ್ನೊಂದು ಕಥೆ. ಗಾಂಧಿ ಬಜಾರಿಗೆ ಹತ್ತಿರ ಎಂದು ಫೋನಿನಲ್ಲೇ ಹೇಳಿ ಹಿಡಿದ ಲಾಡ್ಜು. ದಿನಕ್ಕೆ 2,800. ಬೇರೆ ದಿನ ಒಂಬೈನೂರಕ್ಕೆ ಕೊಡುತ್ತಾರೆ ಎಂದು ಅಲ್ಲಿನ ರೂಮ್‌ಬಾಯ್ ಮೂರನೇ ದಿನ ಬಾಯಿಬಿಟ್ಟ. ಕಿಟಕಿಯಿತ್ತು, ಮುಚ್ಚುತ್ತಿರಲಿಲ್ಲ. ಹೊರಗೆ ನೇರ ಎದುರಿಗೆ ಡಿಜೆ ಲಾರಿ. ಮೊದಲ ರಾತ್ರಿ ಬೇಸಿನ ಹೊಡೆತಕ್ಕೆ ಬಚ್ಚಲಿನ ಬಕೆಟ್ಟು ನಡೆದಾಡುತ್ತಿತ್ತು. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ನೇ ಇಸವಿಯಿಂದ ಇದೆ. ಹಬ್ಬಹರಿದಿನಕ್ಕೆಂದು ವರ್ಷದಲ್ಲಿ 15 ದಿನ ಮಾತ್ರ ಹನ್ನೆರಡರವರೆಗೆ ಸಡಿಲ ಬಿಡಬಹುದು. ನಮ್ಮ ಬಕೆಟ್ಟು ನಿಂತದ್ದು ಎರಡು ಗಂಟೆಗೆ.

ಆ ಮಂಗಳವಾರ ರಾತ್ರಿಯೇ ಅಕ್ಕನ ಮಗ ಫೋನು ಮಾಡಿದ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಅವನದ್ದು. "ಮಾವ, ಏನಿದು ಸದ್ದು? ನಮ್ಮೂರಲ್ಲೂ ಈ ವಾರ ಜಾತ್ರೆ" ಅಂದ. ಅವರ ಊರಿನ ಜಾತ್ರೆಯ ಹೆಸರು ಸೌತ್ ಬೈ ಸೌತ್‌ವೆಸ್ಟ್. 1987ರಲ್ಲಿ ಸಂಗೀತದ ಹಬ್ಬವಾಗಿ ಶುರುವಾದದ್ದು. ಆಮೇಲೆ ಸಿನಿಮಾ ಸೇರಿತು, ತಂತ್ರಜ್ಞಾನ ಸೇರಿತು. 2007ರಲ್ಲಿ ಟ್ವಿಟ್ಟರ್ ಜನರ ಬಾಯಿಗೆ ಬಿದ್ದದ್ದು ಅಲ್ಲೇ. 2014ರಲ್ಲಿ, ಅಮೆರಿಕದ ಬೇಹುಗಾರಿಕೆಯ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ರಷ್ಯಾದಿಂದ ವಿಡಿಯೋದಲ್ಲಿ ಮಾತಾಡಿದ, 2016ರಲ್ಲಿ ಅಧ್ಯಕ್ಷರಾಗಿದ್ದಾಗಲೇ ಒಬಾಮಾ ಬಂದರು. ಎಲ್ಲ ಕಡೆಗೂ ಬಿಡುವ ಪಾಸಿಗೆ ಆ ವರ್ಷ ಒಂದೂವರೆ ಸಾವಿರ ಡಾಲರ್ ದಾಟಿತ್ತು. ನಮ್ಮ ಲೆಕ್ಕದಲ್ಲಿ ಸವಾ ಲಕ್ಷ ರೂಪಾಯಿ. 2,800ರ ರೂಮಿನಲ್ಲಿ ಕೂತು ಇದನ್ನು ಕೇಳಿ ಸ್ವಲ್ಪ ಸಮಾಧಾನವಾಯಿತು.

ಅವನು ಫೋನು ಮಾಡಿದ್ದು ಬೇರೆ ವಿಷಯಕ್ಕೆ. ಅವನು ಕಾಯುತ್ತಿದ್ದ ಬ್ಯಾಂಡು ಹಾಡುವುದಿಲ್ಲ ಎಂದುಬಿಟ್ಟಿತ್ತಂತೆ. ಆ ವರ್ಷದ ಹಬ್ಬಕ್ಕೆ ದುಡ್ಡು ಕೊಟ್ಟವರಲ್ಲಿ ಅಮೆರಿಕದ ಸೇನೆಯೂ ಇತ್ತು, ಆಯುಧ ತಯಾರಿಸುವ ಕಂಪನಿಯ ನಂಟೂ ಇತ್ತು. ಗಾಜಾದಲ್ಲಿ ಯುದ್ಧ ನಡೆಯುವಾಗ ಈ ದುಡ್ಡಿನ ವೇದಿಕೆ ನಮಗೆ ಬೇಡ ಎಂದು 80ಕ್ಕೂ ಹೆಚ್ಚು ಕಲಾವಿದರು, ತಂಡಗಳು ಹಿಂದೆ ಸರಿದವು. ರಾಜ್ಯದ ಗವರ್ನರ್ ಗ್ರೆಗ್ ಅಬಾಟ್ "ಹೋಗಿ, ಮತ್ತೆ ಬರಬೇಡಿ" ಎನ್ನುವ ಅರ್ಥದಲ್ಲಿ ಬರೆದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆಮೇಲೆ ಜೂನ್‌ನಲ್ಲಿ ಹಬ್ಬದವರೇ 2025ಕ್ಕೆ ಸೇನೆಯ ಪ್ರಾಯೋಜಕತ್ವ ಇಲ್ಲ ಎಂದು ಹೇಳಿದರು. "ವೇದಿಕೆಗೆ ಯಾರ ದುಡ್ಡು ಅಂತ ನಿಮ್ಮಲ್ಲಿ ಯಾರೂ ಕೇಳಲ್ವಾ ಮಾವ?" ಅಂದ ಹುಡುಗ. ಕೇಳುವುದೇನು ಬಂತು, ಕಮಾನಿನ ಮೇಲೆ ಫೋಟೋ ಸಮೇತ ಹಾಕಿರುತ್ತಾರಲ್ಲ ಅಂದೆ.

ನಿಜಕ್ಕೂ ಹಾಗೇ ಇತ್ತು. ಗಾಂಧಿ ಬಜಾರಿನಿಂದ ಕೋಟೆಯವರೆಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಎಷ್ಟು ಫ್ಲೆಕ್ಸು ಎಂದು ಎಣಿಸಲು ಹೊರಟು ನಲವತ್ತಕ್ಕೆ ಕೈಬಿಟ್ಟೆ. ಅಮ್ಮನವರು ಮೂಲೆಯಲ್ಲಿ ಸಣ್ಣಗೆ, ಸ್ವಾಗತ ಕೋರುವವರು ನಡುವೆ ದೊಡ್ಡದಾಗಿ. ಕಾರಣವೂ ಇತ್ತು. ಲೋಕಸಭೆ ಚುನಾವಣೆ ಹೊಸ್ತಿಲಲ್ಲಿ ನಿಂತಿತ್ತು. ಒಂದು ಕಡೆ ಹಾಲಿ ಸಂಸದ ಬಿ.ವೈ. ರಾಘವೇಂದ್ರ. ಇನ್ನೊಂದು ಕಡೆ ಬಂಗಾರಪ್ಪನವರ ಮಗಳು, ನಟ ಶಿವರಾಜ್‌ಕುಮಾರ್ ಅವರ ಪತ್ನಿ ಗೀತಾ. ಜಾತ್ರೆಯ ನಡುವೆಯೇ ಶುಕ್ರವಾರ ಕೆ.ಎಸ್. ಈಶ್ವರಪ್ಪ ಪಕ್ಷೇತರನಾಗಿ ನಿಲ್ಲುತ್ತೇನೆ ಎಂದರು. ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇಲ್ಲ. ಡಿಜೆಯವನು ಶಿವಣ್ಣನ ಹಾಡು ಹಾಕಿದರೆ ಪಕ್ಕದಲ್ಲಿದ್ದವನು ಕೇಳುತ್ತಾನೆ, ಇದು ಹಾಡೋ ಪ್ರಚಾರವೋ ಎಂದು. ಹಾಕಿದ ಹುಡುಗನಿಗೆ ಅದ್ಯಾವುದೂ ಗೊತ್ತಿದ್ದಂತೆ ಕಾಣಲಿಲ್ಲ. ಅವನ ಗಮನವೆಲ್ಲ ಜನರೇಟರಿನ ಮೇಲೆ.

ದರ್ಶನದ ವಿಷಯ. ಮಂಗಳವಾರ ಅಮ್ಮ ಗಾಂಧಿ ಬಜಾರಿನ ತವರುಮನೆಯಲ್ಲಿರುತ್ತಾಳೆ, ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗಂಡನ ಮನೆಗೆ ಹೊರಡುತ್ತಾಳೆ. ಮಡಿಲಕ್ಕಿ ಕೊಡುವ ಹೆಂಗಸರ ಸಾಲು ಬೆಳಗಿನ ಜಾವಕ್ಕೇ ಶುರು. ನನ್ನ ಹೆಂಡತಿ ನಾಲ್ಕು ಗಂಟೆ ನಿಂತಳು. ಚಪ್ಪಲಿ ರೂಮಿನಲ್ಲೇ ಬಿಟ್ಟು ಹೋಗಿ, ನೀರಿನ ಬಾಟಲಿ ಮರೆಯಬೇಡಿ. ನಗದು ಇಟ್ಟುಕೊಳ್ಳಿ, ಇದು ಮುಖ್ಯ. ಅಷ್ಟು ಜನರ ನಡುವೆ ಮೊಬೈಲ್ ನೆಟ್‌ವರ್ಕ್ ಸತ್ತುಹೋಗುತ್ತದೆ. ಕಬ್ಬಿನ ಹಾಲು ಕುಡಿದು ಫೋನ್‌ಪೇ ಮಾಡಲು ಹೋಗಿ ಹತ್ತು ನಿಮಿಷ ಗಾಣದ ಮುಂದೆ ನಿಂತಿದ್ದೆ. ಕೊನೆಗೆ ಹಿಂದಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ನನ್ನ ಇಪ್ಪತ್ತು ರೂಪಾಯಿ ಕೊಟ್ಟರು. ನನ್ನಲ್ಲಿದ್ದದ್ದು ಐನೂರರ ನೋಟು, ಚಿಲ್ಲರೆ ಮಾಡಿಸಿಕೊಂಡು ಬರುವಷ್ಟರಲ್ಲಿ ಅಜ್ಜಿ ಕಾಣೆ.

ಮೆರವಣಿಗೆಯಲ್ಲಿ ಡೊಳ್ಳಿನವರನ್ನು ಹುಡುಕಿ ಅವರ ಹಿಂದೆ ಹೋಗಿ. ನಾನು ಹಾಗೇ ಮಾಡಿದೆ. ಚರ್ಮದ ಸದ್ದು ಎದೆಗೆ ತಾಗುತ್ತದೆ, ಕಿವಿ ಹರಿಯುವುದಿಲ್ಲ. ಆದರೆ ಡಿಜೆ ಲಾರಿ ಹತ್ತಿರ ಬಂದಾಗ ಹದಿನೈದು ಜನ ಬೆವರು ಸುರಿಸಿ ಬಾರಿಸುತ್ತಿದ್ದರೂ ಕೋಲು ಆಡುವುದು ಮಾತ್ರ ಕಾಣುತ್ತದೆ, ಸದ್ದು ಕೇಳುವುದಿಲ್ಲ. ಮುಂದಿದ್ದ ಹಿರಿಯರು ಲಾರಿ ದಾಟಲಿ ಎಂದು ಡೊಳ್ಳು ಇಳಿಸಿ ಬೀಡಿ ಹಚ್ಚಿದರು. ಆ ಲಾರಿಯ ಮುಂದೆಯೂ ಒಬ್ಬರ ಫೋಟೋ ಇತ್ತು.

ಈಗ ಖುಷಿಯ ವಿಷಯಕ್ಕೆ ಬರುತ್ತೇನೆ. ಕೋಟೆ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಬೋರ್ಡಿಲ್ಲದ ಒಂದು ಹೋಟೆಲಿದೆ. ಹೋಟೆಲ್ ಅಂದರೆ ಹಳೇ ಹೆಂಚಿನ ಮನೆಯ ಜಗಲಿ, ನಾಲ್ಕು ಬೆಂಚು. ನಡೆಸುವವರು ಅರವತ್ತು ದಾಟಿದ ಅಮ್ಮ ಮತ್ತು ಅವರ ಮೈದುನ. ಬೆಳಿಗ್ಗೆ ಕಡುಬು, ಕಾಯಿ ಚಟ್ನಿ. ಕಡುಬು ಬಿಸಿಯಿರುವಾಗಲೇ ನಡುವೆ ಗುಳಿ ಮಾಡಿ ತುಪ್ಪ ಬಿಡುತ್ತಾರೆ. ತುಪ್ಪಕ್ಕೆ ಬೇರೆ ದುಡ್ಡಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಸಳೆ ಸೊಪ್ಪಿನ ಸಾರು, ಒಂದು ತಂಬುಳಿ, ಮಜ್ಜಿಗೆ. ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಆ ಮಿಡಿಯನ್ನು ತೊಟ್ಟಿನ ಕಡೆಯಿಂದ ಕಚ್ಚಬೇಕು, ಸೊನೆಯ ಪರಿಮಳ ಮೂಗಿಗೆ ಹತ್ತುತ್ತದೆ. ಮಾರ್ಚ್ ಮಿಡಿಯ ಕಾಲ ಬೇರೆ. ಹಿತ್ತಲಲ್ಲಿ ಹೊಸ ಮಿಡಿಗೆ ಉಪ್ಪು ಹಾಕಿ ಭರಣಿಗಳನ್ನು ಸಾಲಾಗಿ ಇಟ್ಟಿದ್ದರು. ಊಟಕ್ಕೆ ಅರವತ್ತು ರೂಪಾಯಿ. "ಇನ್ನೊಂದು ಸೌಟು ಹಾಕ್ಲಾ? ಸುಮ್ನೆ ಹಾಕಿಸ್ಕೊಳ್ಳಿ, ಇವತ್ತು ಉಣ್ಣೋರೇ ಇಲ್ಲ" ಅಂದರು. ಜಾತ್ರೆಯಲ್ಲಿ ಉಣ್ಣುವವರಿಲ್ಲ ಎಂದರೆ ನನಗೆ ಆಶ್ಚರ್ಯ. ಬುಧವಾರದಿಂದ ಊರಿನ ಮನೆಮನೆಯಲ್ಲಿ ಬಾಡೂಟ, ನೆಂಟರಿಷ್ಟರು ಅಲ್ಲೇ ಉಂಡು ಹೋಗುತ್ತಾರೆ. ಸೊಪ್ಪಿನ ಸಾರಿಗೆ ಬರುವವರು ನಮ್ಮಂಥ ಗೊತ್ತುಗುರಿ ಇಲ್ಲದವರು ಮಾತ್ರ. ನಾವು ಮೂರು ದಿನ ಎರಡೂ ಹೊತ್ತು ಅಲ್ಲೇ ಉಂಡೆವು. ಓಣಿ ಯಾವುದೆಂದು ಬರೆಯಬೇಡಿ ಎಂದು ಮೈದುನ ಹೇಳಿದ್ದಾರೆ. ನಲವತ್ತು ಜನ ಒಟ್ಟಿಗೆ ಬಂದರೆ ಅಕ್ಕಿ ರುಬ್ಬುವವರಿಲ್ಲವಂತೆ. ಕೋಟೆ ರಸ್ತೆಯಲ್ಲಿ ಕಡುಬಿನ ಅಮ್ಮ ಎಲ್ಲಿ ಎಂದು ಕೇಳಿ, ತೋರಿಸುತ್ತಾರೆ.

ಅಲ್ಲೇ ಕೂತಿದ್ದ ಒಬ್ಬರು ಬಳೆ ಸಾಲಿನ ಮಾತು ತೆಗೆದರು. 2022ರ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲ ಎಂದಾದದ್ದು ನಿಮಗೂ ನೆನಪಿರಬಹುದು. ದೇವಸ್ಥಾನದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂಬ 2002ರ ನಿಯಮವನ್ನು ಆಗ ರಾಜ್ಯದ ಹಲವು ಕಡೆ ಮುಂದಿಟ್ಟರು. "ನಮ್ಮಮ್ಮ ಮಾರಿಗೆ ಕೊಡೋ ಹಸಿರು ಬಳೆ ತರ್ತಿದ್ದದ್ದೇ ಸಾಬರ ಹತ್ರ" ಅಂದರು ಅವರು. ಕಡುಬಿನ ಅಮ್ಮ ಏನೂ ಹೇಳಲಿಲ್ಲ, ಮಜ್ಜಿಗೆ ಬಡಿಸಿದರು. ನನಗೆ ಅಕ್ಕನ ಮಗನ ಪ್ರಶ್ನೆ ನೆನಪಾಯಿತು. ಆಸ್ಟಿನ್‌ನಲ್ಲಿ ವೇದಿಕೆಗೆ ದುಡ್ಡು ಹಾಕಿದವರನ್ನು ನೀವು ಯಾರು ಎಂದು ಕೇಳಿದ್ದರು. ಇಲ್ಲಿ ಆ ಪ್ರಶ್ನೆ ಬಂದದ್ದು ಬಳೆ ಮಾರುವವರ ಪಾಲಿಗೆ.

ಶುಕ್ರವಾರ ಸಂಜೆ ಲಾಡ್ಜಿನ ಮ್ಯಾನೇಜರ್ ಬಾಗಿಲು ತಟ್ಟಿದ. ಭಾನುವಾರದವರೆಗೆ ಮುಂಗಡ ಕೊಟ್ಟಿದ್ದೇವೆ, ಆದರೂ ಶನಿವಾರ ಮಧ್ಯಾಹ್ನವೇ ಖಾಲಿ ಮಾಡಬೇಕಂತೆ. ಸೋಮವಾರ 18ಕ್ಕೆ ಪ್ರಧಾನಿಯವರ ಸಭೆ ಇದೆ, ಅದಕ್ಕೆ ಬರುವವರು ಎಲ್ಲ ರೂಮು ಹಿಡಿದಿದ್ದಾರೆ ಅಂದ. ಮುಂಗಡದಲ್ಲಿ ಒಂದು ದಿನದ್ದು ವಾಪಸ್ ಕೇಳಿದರೆ "ಆಫೀಸಿನಲ್ಲಿ ಮಾತಾಡಿ" ಅಂದ. ಆಫೀಸಿನಲ್ಲಿ ಕೂತವನೂ ಅವನೇ. 1,500 ವಾಪಸ್ ಬಂತು, ಉಳಿದದ್ದು ಬರಲಿಲ್ಲ. ರೂಮು ಹಿಡಿಯುವಾಗ ಯಾವ ದಿನದವರೆಗೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ, ಗಾಂಧಿ ಬಜಾರು ಬಿಟ್ಟು ವಿನೋಬನಗರದ ಕಡೆ ನೋಡಿ. ಹೋಗುವ ವಾರದ ರಾಜಕೀಯ ಸಭೆಗಳ ಪಟ್ಟಿಯನ್ನೂ ಪತ್ರಿಕೆಯಲ್ಲಿ ನೋಡಿಕೊಳ್ಳಿ. ನಗಬೇಡಿ. ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು, ಯಾವುದಾದರೂ ಒಂದು ಸಭೆ ಇದ್ದೇ ಇರುತ್ತದೆ.

ಶನಿವಾರ ಬ್ಯಾಗುಗಳನ್ನು ಕಡುಬಿನ ಅಮ್ಮನ ಮನೆಯಲ್ಲಿಟ್ಟು ಅಲೆದೆವು. ಮಧ್ಯಾಹ್ನ ಮೂರಕ್ಕೆ ದೆಹಲಿಯಲ್ಲಿ ಚುನಾವಣಾ ಆಯೋಗದವರು ದಿನಾಂಕ ಹೇಳಿದರು, ಶಿವಮೊಗ್ಗಕ್ಕೆ ಮೇ 7. ಆ ಗಳಿಗೆಯಿಂದ ನೀತಿ ಸಂಹಿತೆ, ರಾಜಕೀಯದವರ ಫ್ಲೆಕ್ಸು ಬೀದಿಯಲ್ಲಿ ಇರುವಂತಿಲ್ಲ. ಸಂಜೆ ಹೊತ್ತಿಗೆ ಏಣಿ ಹೊತ್ತ ಹುಡುಗರು, ಒಂದು ಟ್ರ್ಯಾಕ್ಟರ್ ಬಂತು. ನಾಲ್ಕು ದಿನ ಮೇಲಿಂದ ಕೈಮುಗಿದು ನೋಡುತ್ತಿದ್ದ ಮುಖಗಳೆಲ್ಲ ಒಂದೊಂದಾಗಿ ಇಳಿದವು. ಒಂದು ಕಮಾನಿನ ಹತ್ತಿರ ಹುಡುಗನೊಬ್ಬ ಬ್ಲೇಡಿನಿಂದ ಮೂಲೆಯಲ್ಲಿದ್ದ ಅಮ್ಮನವರ ಚಿತ್ರವನ್ನು ಮೊದಲು ಕತ್ತರಿಸಿ, ಸುರುಳಿ ಸುತ್ತಿ, ತನ್ನ ಬೈಕಿನ ಸೀಟಿನ ಮೇಲೆ ಇಟ್ಟ. ಉಳಿದದ್ದನ್ನು ಕಾಲಲ್ಲಿ ತುಳಿದು ಮಡಚಿ ಟ್ರ್ಯಾಕ್ಟರಿಗೆ ಎಸೆದ.

ಅವತ್ತು ರಾತ್ರಿ ಅಮ್ಮನನ್ನು ವನಕ್ಕೆ ಕಳಿಸುವ ಮೆರವಣಿಗೆ. ಇಡೀ ಜಾತ್ರೆಯಲ್ಲಿ ಒಂದನ್ನೇ ನೋಡುವುದಿದ್ದರೆ ಇದನ್ನು ನೋಡಿ. ಕಮಾನುಗಳೆಲ್ಲ ಬರೀ ಬೊಂಬಿನ ಅಸ್ಥಿಪಂಜರ. ಅವುಗಳ ನಡುವಿನಿಂದ ಅಮ್ಮ ಹಾದುಹೋದಳು. ಡೊಳ್ಳಿನವರು ಮುಂದೆ ಇದ್ದರು, ಬೀಡಿ ಹಿರಿಯರೂ ಇದ್ದರು. ಡಿಜೆ ಲಾರಿಯೂ ಇತ್ತು, ಫೋಟೋ ಕಿತ್ತ ಜಾಗದಲ್ಲಿ ಟೇಪಿನ ಗುರುತು. ಸದ್ದು ಮಾತ್ರ ಒಂದು ಗೆರೆಯೂ ಕಡಿಮೆಯಾಗಿರಲಿಲ್ಲ.

ನಾವು ಸ್ಟೇಷನ್ನಿನ ಬೆಂಚಿನ ಮೇಲೆ ರಾತ್ರಿ ಕಳೆದು ಬೆಳಗಿನ ರೈಲು ಹಿಡಿದೆವು. ಸ್ಟೇಷನ್ನಿನಲ್ಲಿ ಸೊಳ್ಳೆ ಜಾಸ್ತಿ, ಓಡೋಮಸ್ ಒಯ್ಯಿರಿ. ಕಡುಬಿನ ಅಮ್ಮ ಬಾಳೆಲೆಯಲ್ಲಿ ಆರು ಕಡುಬು ಕಟ್ಟಿ ಕೊಟ್ಟಿದ್ದರು, ಬೀರೂರು ದಾಟುವಷ್ಟರಲ್ಲಿ ಒಂದೂ ಉಳಿಯಲಿಲ್ಲ.