ರಾಖಿ ಕಟ್ಟಿಸಿಕೊಂಡ ಕೈ

ವೈರಿಗಳನ್ನು ಪ್ರೀತಿಸಿರಿ ಎಂದು ಪರ್ವತ ಪ್ರಸಂಗದಲ್ಲಿ ಯೇಸು ಹೇಳಿದ ಮಾತನ್ನು ನಾವು ಕ್ರೈಸ್ತರು ಚಿಕ್ಕಂದಿನಿಂದಲೇ ಬಾಯಿಪಾಠ ಮಾಡಿರುತ್ತೇವೆ. ಆದರೆ ಆ ಮಾತಿಗೆ ಅವರು ಕೊಟ್ಟ ಕಾರಣವನ್ನು ಮರೆತುಬಿಡುತ್ತೇವೆ: ತಂದೆಯಾದ ದೇವರು ಕೆಟ್ಟವರ ಮೇಲೆಯೂ ಒಳ್ಳೆಯವರ ಮೇಲೆಯೂ ಸೂರ್ಯನನ್ನು ಮೂಡಿಸುತ್ತಾನೆ, ಆದ್ದರಿಂದ ನೀವೂ ಹಾಗೆಯೇ ಇರಬೇಕು. ವೈರಿಯ ಯೋಗ್ಯತೆಯ ಪ್ರಶ್ನೆಯೇ ಅಲ್ಲಿಲ್ಲ. ಇದು ಬರೀ ಉಪದೇಶವಲ್ಲ, ಬದುಕಿ ತೋರಿಸಬಹುದಾದದ್ದು ಎಂದು ನನಗೆ ಮನವರಿಕೆ ಮಾಡಿಕೊಟ್ಟಿದ್ದು ಸಿಸ್ಟರ್ ರಾಣಿ ಮರಿಯಾ ಅವರ ಕುಟುಂಬ.

ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ರಾಣಿ ಮರಿಯಾ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸನ್ಯಾಸಿನಿ. ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳು ಸಾಹುಕಾರರ ಬಡ್ಡಿಯಿಂದ ಪಾರಾಗಲೆಂದು ಅವರನ್ನು ಸಂಘಟಿಸಿ, ಉಳಿತಾಯದ ದಾರಿ ತೋರಿಸಿದ ಕಾರಣಕ್ಕೇ ಹಳ್ಳಿಯ ಬಲಾಢ್ಯರ ಕಣ್ಣು ಅವರ ಮೇಲೆ ಬಿತ್ತು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಪ್ರಯಾಣಿಕರೆಲ್ಲರ ಕಣ್ಣೆದುರಿಗೇ, ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಮತ್ತೆ ಮತ್ತೆ ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಸ್ವಾಮಿ ಸದಾನಂದ್ ಎಂಬ ಕ್ರೈಸ್ತ ಪಾದ್ರಿ ಜೈಲಿಗೆ ಹೋಗಿ ಅವನ ಜೊತೆ ಮಾತಾಡತೊಡಗಿದರು. 2002ರಲ್ಲಿ ರಾಣಿ ಮರಿಯಾರ ಸ್ವಂತ ತಂಗಿ, ಅದೇ ಸಭೆಯ ಸನ್ಯಾಸಿನಿ ಸೆಲ್ಮಿ ಪೌಲ್, ಆ ಜೈಲಿಗೆ ಹೋಗಿ, ಅಕ್ಕನನ್ನು ಇರಿದ ಕೈಗೇ ರಾಖಿ ಕಟ್ಟಿ ಅವನನ್ನು ಸಹೋದರನೆಂದು ಒಪ್ಪಿಕೊಂಡರು. ಕ್ಷಮೆಯ ವಿಷಯದಲ್ಲಿ ಉದ್ದುದ್ದ ಪ್ರಸಂಗ ಮಾಡುವ ಬದಲು, ಅವನ ಊರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲದ ಒಂದು ನೂಲನ್ನು ಅವರು ಆರಿಸಿಕೊಂಡದ್ದು ನನ್ನನ್ನು ಬಹಳ ತಟ್ಟಿದೆ. ರಾಖಿ ಕಟ್ಟಿದ ಮೇಲೆ ಸಂಬಂಧ ಅಲ್ಲಿಗೇ ಮುಗಿಯುವುದಿಲ್ಲ. ಸಹೋದರನೆಂದ ಮೇಲೆ ಅವನ ಯೋಗಕ್ಷೇಮವೂ ಸಹೋದರಿಯದೇ ಆಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೊಂದವರ ಮನೆಗೆ ಹೋಗಿ "ಕ್ಷಮಿಸಿಬಿಡಿ" ಎಂದು ಒತ್ತಾಯಿಸುವ ಹಕ್ಕು ಪಾದ್ರಿಗಳಿಗಾಗಲಿ ನೆರೆಹೊರೆಯವರಿಗಾಗಲಿ ಇಲ್ಲ. ಕಳೆದುಕೊಂಡವರು ಮಾತ್ರ ಕೊಡಬಲ್ಲ ದಾನ ಅದು. ಕ್ಷಮಿಸಿದರೆಂದು ಬಡ್ಡಿಯ ಅನ್ಯಾಯವನ್ನು ಯಾರೂ ಸರಿಯೆಂದು ಒಪ್ಪಲೂ ಇಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ದಿನವೂ ಬೇಡುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆಯೇ ಎಂಬ ಷರತ್ತನ್ನೂ ನಾವೇ ನಮ್ಮ ಬಾಯಿಂದ ಸೇರಿಸುತ್ತೇವೆ. ಸೆಲ್ಮಿ ಪೌಲ್‌ರಿಗೆ ಜೈಲಿನ ಬಾಗಿಲವರೆಗೆ ನಡೆಯುವ ಬಲ ಬಂದದ್ದು ಆ ಪ್ರಾರ್ಥನೆಯ ಆಳದಿಂದಲೇ ಎಂದು ನಾನು ನಂಬುತ್ತೇನೆ. ತಾವೂ ಕ್ಷಮೆಯಿಂದಲೇ ಬದುಕುತ್ತಿದ್ದೇವೆ ಎಂದು ಅರಿತವರಿಗೆ ಕೊಲೆಗಾರನೂ ದೇವರು ಕೈಬಿಡದ ಮನುಷ್ಯನಾಗಿಯೇ ಕಾಣುತ್ತಾನೆ.

ಮುಂದೆ ಕುಟುಂಬದವರೂ ಧರ್ಮಸಭೆಯವರೂ ಅವನ ಬಿಡುಗಡೆಗಾಗಿ ಮನವಿ ಮಾಡಿದರು. 2006ರಲ್ಲಿ ಅವನು ಹೊರಬಂದ. ಆಮೇಲೆ ಪುಲ್ಲುವಳಿಗೆ ಹೋಗಿ ರಾಣಿ ಮರಿಯಾರ ತಂದೆತಾಯಿಯರ ಕ್ಷಮೆ ಬೇಡಿದ. ಅವರು ಅವನನ್ನು ಮನೆಯೊಳಗೆ ಕರೆದುಕೊಂಡರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಪುನೀತೆ (ಸಂತ ಪದವಿಗೆ ಮೊದಲಿನ ಹಂತ) ಎಂದು ಘೋಷಿಸಿದಾಗ, ಅವನೂ ಆ ಜನರ ನಡುವೆ ಇದ್ದ.